ಕಚ್ಚಾ ಹೊಲಿಗೆ

ನನ್ನ ಗಂಡ ಎಜ್ರಾ ಮೆರಿಲ್ ಆಡುತ್ತಿದ್ದ ಕಾಲದಲ್ಲಿ, ನಮ್ಮ ಕಡೆಯ ಫುಟ್‌ಬಾಲ್‌ನಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನು ನೆಲಕ್ಕುರುಳಿದ ಮಾತ್ರಕ್ಕೆ ಆಟ ನಿಲ್ಲುತ್ತಿರಲಿಲ್ಲ. ಅವನೇ ಬಾಯಿಬಿಟ್ಟು "ಬಿದ್ದೆ!" ಎಂದು ಕೂಗಬೇಕಿತ್ತು. ಅಲ್ಲಿಯವರೆಗೆ ಎದುರಾಳಿಗಳು ಅವನ ಮೇಲೆ ಬೀಳಬಹುದು, ಚೆಂಡು ಕಿತ್ತುಕೊಳ್ಳಬಹುದು, ಕಾಲು ಹಿಡಿದು ಹಿಂದಕ್ಕೆ ಎಳೆಯಬಹುದು. ಅವನ ಕಡೆಯವರು ಮುಂದಕ್ಕೆ ಎಳೆಯಬಹುದು. ರೆಫರಿಯ ಹತ್ತಿರ ಸೀಟಿ ಇತ್ತು, ನಿಜ. ಆದರೆ ಇಪ್ಪತ್ತು ಜನರ ರಾಶಿಯ ಅಡಿಯಲ್ಲಿ ಏನು ನಡೆಯುತ್ತಿದೆ ಎಂದು ಆ ಪುಣ್ಯಾತ್ಮನಿಗೆ ಏನು ಕಾಣಬೇಕು? ಆ ಒಂದು ಮಾತು ಕೇಳಿಸಿದರೆ ಸಾಕು, ಎಲ್ಲರೂ ಎದ್ದು ಮಣ್ಣು ಕೊಡವಿಕೊಂಡು ಮತ್ತೆ ಸಾಲುಗಟ್ಟುತ್ತಿದ್ದರು. ಅಷ್ಟು ಸುಲಭದ ಮಾತು. ನನ್ನ ಗಂಡ ಆರು ವರ್ಷ ಆಡಿ ಒಂದು ಸಲವೂ ಅದನ್ನು ಹೇಳಲಿಲ್ಲ.

ಅವನು ದೇಶದ ಪೂರ್ವದ ಕಡೆ ಮೂರು ಕಾಲೇಜುಗಳ ಪರವಾಗಿ ಆಡಿದ್ದ. ಏನು ಓದಿದೆ ಎಂದು ಯಾರಾದರೂ ಕೇಳಿದರೆ ಕಾನೂನು ಎನ್ನುತ್ತಿದ್ದ. ಕಾನೂನಿನ ಒಂದು ಪುಸ್ತಕವನ್ನೂ ನಾನು ಮನೆಯಲ್ಲಿ ಕಂಡಿಲ್ಲ. ಗೋಡೆಯ ಮೇಲೆ ಮಾತ್ರ ಕಟ್ಟು ಹಾಕಿಸಿದ ಪೇಪರಿನ ತುಂಡೊಂದಿತ್ತು. ಒಂದು ಶನಿವಾರ ಎದುರಾಳಿಗಳು ಹನ್ನೊಂದು ಜನವೂ ಸೇರಿ ಅವನನ್ನು ಹನ್ನೊಂದು ಗಜ ಕೆಸರಿನಲ್ಲಿ ಎಳೆದೊಯ್ದರಂತೆ. ಇವನು ಚೆಂಡನ್ನೂ ಬಿಡಲಿಲ್ಲ, ಬಾಯನ್ನೂ ಬಿಡಲಿಲ್ಲ. 'ಬೀಳದ ಮೆರಿಲ್' ಎಂದು ಪೇಪರಿನವರು ದೊಡ್ಡಕ್ಷರದಲ್ಲಿ ಬರೆದರು. ಅವತ್ತು ಹೆಗಲ ಮೂಳೆ ಮುರಿದದ್ದು, ಎರಡು ಪಕ್ಕೆಲುಬು ಬಿರುಕು ಬಿಟ್ಟದ್ದು ಪೇಪರಿನಲ್ಲಿರಲಿಲ್ಲ. ಅದು ಪ್ರತಿ ಚಳಿಗಾಲ ನನ್ನ ಪಾಲಿಗೆ ಬರುತ್ತಿತ್ತು. ಒಲೆಯ ಮುಂದೆ ಕೂರಿಸಿ ನೋವಿನೆಣ್ಣೆ ತಿಕ್ಕುವವಳು ನಾನೇ ತಾನೆ.

ಆ ಹೆಸರಿನ ಮೇಲೆಯೇ ನಮ್ಮ ಓಹಾಯೋದ ಹೋಲ್‌ಬ್ರೂಕ್ ಕಾಲೇಜಿನವರು ಅವನನ್ನು ಕೋಚ್ ಮಾಡಿ ಕರೆಸಿಕೊಂಡರು. ಸೆಪ್ಟೆಂಬರ್ ತಿಂಗಳ ಮೊದಲ ದಿನ ಹೊಸ ಹುಡುಗರನ್ನು ಸಾಲಾಗಿ ನಿಲ್ಲಿಸಿ ಅವನು ಹೇಳುತ್ತಿದ್ದುದು ಒಂದೇ: "ಓಡೋದು, ತಳ್ಳೋದು ನಾನು ಕಲಿಸ್ತೀನಿ. 'ಬಿದ್ದೆ' ಅನ್ನೋದನ್ನ ಮಾತ್ರ ಕಲಿಸಲ್ಲ. ಅದು ಬೇಕಾದ್ರೆ ನಿಮ್ಮಮ್ಮನ ಹತ್ರ ಹೋಗಿ ಕಲ್ತ್ಕೊಳ್ಳಿ." ಹುಡುಗರು ಹೋ ಎಂದು ನಗುತ್ತಿದ್ದರು. ಬೇಲಿಯ ಈಚೆ ಬಟ್ಟೆ ಒಣಹಾಕುತ್ತಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾಗೆಂದು ನಾನೇನೂ ದೂರ ನಿಂತವಳಲ್ಲ. ಆಟಗಾರರ ಷರಾಯಿಗಳಿಗೆ ಸೊಂಟದ ಎರಡೂ ಕಡೆ ಚರ್ಮದ ಹಿಡಿಕೆ ಹೊಲಿಯುತ್ತಿದ್ದವಳು ನಾನು. ಪೆಟ್ಟಿಗೆಗೆ ಹಿಡಿಕೆ ಇರುವಂತೆ ಮನುಷ್ಯನಿಗೂ ಹಿಡಿಕೆ! ಚೆಂಡು ಹಿಡಿದವನನ್ನು ಅವನ ಕಡೆಯವರು ಅದರಲ್ಲಿ ಹಿಡಿದು ಎಳೆಯುವುದು, ಬೇಕಾದರೆ ಎತ್ತಿ ಎಸೆಯುವುದು. ಎಜ್ರಾನ ಅಪ್ಪ ಕುದುರೆಗಳ ಜೀನು, ಲಗಾಮು ಹೊಲಿಯುವವನು. ಎರಡು ಸೂಜಿ, ಮೇಣ ತಿಕ್ಕಿದ ದಪ್ಪ ದಾರ, ಎರಡೂ ಕಡೆಯಿಂದ ಒಂದೇ ತೂತಿನಲ್ಲಿ ಹೋಗುವ ಹೊಲಿಗೆ. ಮದುವೆಯಾದ ಮೊದಲ ವರ್ಷ ಎಜ್ರಾ ನನಗೆ ಕಲಿಸಿದ ವಿದ್ಯೆ ಅದೊಂದೇ. ಆ ಹೊಲಿಗೆಯನ್ನು ಎತ್ತು ಎಳೆದರೂ ಬಿಚ್ಚುವುದಿಲ್ಲ.

ನನ್ನ ತಮ್ಮ ಲೆಮ್ ನಮ್ಮ ಮನೆಯಲ್ಲಿದ್ದುಕೊಂಡೇ ಹೋಲ್‌ಬ್ರೂಕ್‌ನಲ್ಲಿ ಓದುತ್ತಿದ್ದ. ಅಮ್ಮ ತೀರಿಕೊಂಡಾಗ ಅವನಿಗೆ ಆರು ವರ್ಷ, ನನಗೆ ಹದಿನಾಲ್ಕು. ಅವನ ಮೂಗು ಒರೆಸಿ, ಗುಂಡಿ ಹಾಕಿ, ಬೆನ್ನಿಗೆ ಗುದ್ದಿ ಬೆಳೆಸಿದವಳು ನಾನು. ತಂಡದಲ್ಲಿ ಚೆಂಡು ಹಿಡಿದು ಓಡುವವನು ಅವನೇ. ತಲೆಗೆ ಪೆಟ್ಟು ತಾಗಬಾರದೆಂದು ಎಲ್ಲರಂತೆ ಅವನೂ ಜುಲೈನಿಂದಲೇ ಕೂದಲು ಬಿಟ್ಟಿದ್ದ. ಊಟಕ್ಕೆ ಕೂತರೆ ಅರ್ಧ ಕೂದಲು ಸಾರಿನ ಬಟ್ಟಲಲ್ಲಿ. "ಜಡೆ ಹಾಕ್ಲೇನೋ? ಕೆಂಪು ರಿಬ್ಬನ್ ಇದೆ" ಎಂದರೆ, "ಹಾಕಕ್ಕ, ಡನ್‌ಮೋರ್‌ನವರು ಹುಡುಗಿ ಅಂತ ಮುಟ್ಟದೆ ಬಿಟ್ಟಾರು" ಎನ್ನುತ್ತಿದ್ದ.

ಡನ್‌ಮೋರ್ ಎಂದರೆ ನದಿಯಾಚೆಯ ಕಾಲೇಜು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ ಅವರ ಮೇಲೆ ವರ್ಷದ ಕೊನೆಯ ಆಟ. ಉಳಿದೆಲ್ಲ ಸೋತರೂ ಅದೊಂದು ಗೆದ್ದರೆ ಊರು ಕ್ಷಮಿಸುತ್ತಿತ್ತು. ನಾವು ಎರಡು ವರ್ಷದಿಂದ ಗೆದ್ದಿರಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಒಂದು ಸಂಜೆ ಲೆಮ್ ಅಡಿಗೆಮನೆಗೆ ಬಂದು ಕುರ್ಚಿಯಲ್ಲಿ ಕೂತ. ಆಪಲ್ ಹೆಚ್ಚಿಕೊಡು ಎಂದು ಚಾಕು ಕೊಟ್ಟೆ. ಬೆರಳಿನಿಂದ ಜಾರಿ ಬಿತ್ತು. ಮತ್ತೆ ಕೊಟ್ಟೆ, ಮತ್ತೆ ಬಿತ್ತು.

"ಏನಾಯ್ತೋ ಕೈಗೆ?"

"ಕೈಗಲ್ಲಕ್ಕ. ಮೊನ್ನೆ ಪ್ರಾಕ್ಟೀಸಲ್ಲಿ ತಲೆ ಮೇಲೆ ಬಿದ್ದೆ. ಆಗಿಂದ ಈ ಕೈ ಆಗಾಗ ನಂದಲ್ಲ ಅನ್ಸುತ್ತೆ."

"ಡಾಕ್ಟರ್ ಪ್ರೂಯಿಟ್‌ಗೆ ತೋರಿಸಿದ್ಯಾ?"

"ತೋರಿಸ್ದೆ." ಅವನು ನನ್ನ ಮುಖ ನೋಡಲಿಲ್ಲ. "ಕತ್ತಿನಲ್ಲೇನೋ ಜರುಗಿದೆಯಂತೆ. ಇನ್ನೊಂದು ಸಲ ಹಾಗೆ ಬಿದ್ರೆ ನನ್ನ ಕರೀಬೇಡ, ಪಾದ್ರಿನ ಕರಿ ಅಂದ್ರು. ಕೋಚ್‌ಗೆ ನೀನೇ ಹೋಗಿ ಹೇಳು ಅಂದ್ರು. ಹೇಳ್ತೀನಿ ಅಂತ ಬಂದ್ಬಿಟ್ಟೆ."

"ಹೇಳಿದ್ಯಾ?"

"ಇಲ್ಲ. ನೀನೂ ಹೇಳ್ಬಾರ್ದು. ಡನ್‌ಮೋರ್ ಆಟ ಒಂದಾಗ್ಲಿ. ಮನೆಯವನೇ ಹೆದರಿ ಕೂತ ಅಂದ್ರೆ ಭಾವ ಊರಲ್ಲಿ ತಲೆ ಎತ್ಕೊಂಡು ಓಡಾಡ್ತಾರಾ?"

ಬೈದೆ. ಅತ್ತೆ. ಕೊನೆಗೆ ಅವನು ಅಮ್ಮನ ಬೈಬಲ್ ತಂದು ಅದರ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸಿಕೊಂಡ. ನಾನು ಮಾಡಬಾರದಿತ್ತು. ಆದರೆ ಅವನು ಆರು ವರ್ಷದವನಾಗಿದ್ದಾಗಿನ ಮುಖ ಮಾಡಿಕೊಂಡು ಕೇಳಿದರೆ ನನ್ನ ಕೈಲಿ ಆಗುವುದಿಲ್ಲ, ಇವತ್ತಿಗೂ ಆಗುವುದಿಲ್ಲ.

ಆಣೆಯನ್ನು ಮುರಿಯದೆ ಬಳಸಿ ಹೋಗುವ ದಾರಿ ಇದೆಯೇ ಎಂದು ಒಂದು ದಿನ ಊಟದ ಹೊತ್ತಿಗೆ ಎಜ್ರಾನನ್ನು ಕೆದಕಿದೆ.

"ಯಾರಾದ್ರೂ ಹುಡುಗ ಕತ್ತು ನೋವು ಅಂತ ಬಂದ್ರೆ ಏನ್ ಮಾಡ್ತೀಯ?"

"ಯಾವ ಹುಡುಗ?"

"ಯಾರೋ ಒಬ್ಬ ಅಂದ್ಕೋ."

ಅವನು ಮಾಂಸದ ತುಂಡು ಕತ್ತರಿಸುವುದನ್ನು ನಿಲ್ಲಿಸಿ ನನ್ನನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಗೋಡೆಯ ಪೇಪರಿನ ಕಡೆ ನೋಡಿದ. "ಹೆಗಲು ಮುರಿದಾಗ ನಾನು ಯಾರ ಹತ್ರನೂ ಹೋಗ್ಲಿಲ್ಲ, ಹೆಸ್ಟರ್" ಎಂದ. ಆ ಪೇಪರನ್ನು ಒಲೆಗೆ ಹಾಕಬೇಕೆನ್ನಿಸಿತು. ತಟ್ಟೆ ಎತ್ತಿಕೊಂಡು ಎದ್ದೆ.

ಥ್ಯಾಂಕ್ಸ್‌ಗಿವಿಂಗ್‌ನ ಹಿಂದಿನ ದಿನ ಬುಧವಾರ ಮಧ್ಯಾಹ್ನ ಹನ್ನೊಂದು ಷರಾಯಿಗಳೂ ನನ್ನ ಊಟದ ಮೇಜಿನ ಮೇಲೆ ಬಂದವು. ಮಳೆಯಲ್ಲಿ ನೆನೆದು ಹಳೆಯ ಹಿಡಿಕೆಗಳು ಕೊಳೆತಿದ್ದವು, ಎಲ್ಲಕ್ಕೂ ಹೊಸದು ಹಾಕಬೇಕಿತ್ತು. ಒಲೆಯಲ್ಲಿ ಕುಂಬಳಕಾಯಿ ಪೈ ಬೇಯುತ್ತಿತ್ತು. ಹತ್ತು ಮುಗಿಸಿ ಲೆಮ್‌ನದನ್ನು ಕೈಗೆತ್ತಿಕೊಂಡೆ.

ಚೆಂಡು ದಾಟಿಸಿದರೆ ಅಂಕ ಸಿಗುವ, ಎದುರಾಳಿಗಳ ಕೊನೆಯ ಗೆರೆಯ ಹತ್ತಿರ ಹೋದಾಗಲೆಂದು ಎಜ್ರಾ ಒಂದು ವರಸೆ ಇಟ್ಟುಕೊಂಡಿದ್ದ. ಕಮ್ಮಾರನ ಮಗ ಓಸ್ಗುಡ್ ಎಂಬ ಗೂಳಿ ಲೆಮ್‌ನ ಎರಡೂ ಹಿಡಿಕೆ ಹಿಡಿದು ಹಿಂದಿನಿಂದ ಎತ್ತಿ, ಎದುರಾಳಿಗಳ ತಲೆಯ ಮೇಲಿಂದ ಗೆರೆಯಾಚೆ ಎಸೆಯುವುದು. ಹಿಟ್ಟಿನ ಮೂಟೆ ಎಸೆದಂತೆ. ಬೀಳುವುದು ಯಾವಾಗಲೂ ತಲೆ ಮುಂದಾಗಿ. ಅಕ್ಟೋಬರಿನಲ್ಲಿ ಕತ್ತು ಜರುಗಿದ್ದೂ ಅದರಲ್ಲೇ. ಹಿಡಿಕೆಯೇ ಕಿತ್ತುಬಂದರೆ ಎಸೆಯುವುದು ಹೇಗೆ?

ನಾನು ಮೇಣದ ದಾರವನ್ನು ಬದಿಗಿಟ್ಟೆ. ಲಂಗದ ಅಂಚಿಗೆ ಕಚ್ಚಾ ಹೊಲಿಗೆ ಹಾಕುವ ಬಿಳಿ ನೂಲು ತೆಗೆದುಕೊಂಡು, ಕಪ್ಪು ಮೇಣ ತಿಕ್ಕಿ, ಅದರಲ್ಲೇ ಎರಡೂ ಹಿಡಿಕೆ ಹೊಲಿದೆ. ಕಣ್ಣಿಗೆ ಒಂದೇ ಥರ. ಆಣೆಯಲ್ಲಿ ಹೇಳಬಾರದು ಅಂತ ಇತ್ತೇ ಹೊರತು ಹೊಲಿಯಬಾರದು ಅಂತ ಇರಲಿಲ್ಲವಲ್ಲ. ಅಷ್ಟರಲ್ಲಿ ಪೈ ಒಂದು ಕಡೆ ಸೀದಿತ್ತು.

ಗುರುವಾರ ಬೆಳಿಗ್ಗೆ ಎಚ್ಚರವಾಗುತ್ತಲೇ ನೆನಪಾಯಿತು. ಪ್ರತಿ ಆಟದ ಮುಂಚೆ ಎಜ್ರಾ ಮಾಡುವ ಪರೀಕ್ಷೆಯನ್ನು ನಾನು ಮರೆತೇಬಿಟ್ಟಿದ್ದೆ. ಹುಡುಗರು ಷರಾಯಿ ತೊಟ್ಟು ನಮ್ಮ ಊಟದ ಕೋಣೆಯಲ್ಲಿ ಸಾಲಾಗಿ ನಿಲ್ಲಬೇಕು. ಎಜ್ರಾ ಒಬ್ಬೊಬ್ಬನ ಹಿಡಿಕೆ ಹಿಡಿದು ನೆಲದಿಂದ ಮೇಲಕ್ಕೆತ್ತಿ ಇಳಿಸುತ್ತಾನೆ. ಲೆಮ್‌ನನ್ನು ಎತ್ತಿದರೆ ಹಿಡಿಕೆಗಳು ಅಲ್ಲೇ ಅವನ ಕೈಗೆ ಬರುತ್ತವೆ, ನನ್ನ ಕಳ್ಳತನ ಹನ್ನೊಂದು ಜನರ ಮುಂದೆ ಬಯಲಾಗುತ್ತದೆ, ಅವನೇ ಕೂತು ಮೇಣದ ದಾರದಲ್ಲಿ ಗಟ್ಟಿಯಾಗಿ ಹೊಲಿಯುತ್ತಾನೆ.

ಓಸ್ಗುಡ್‌ನನ್ನು ಎತ್ತುವಾಗ ಎಜ್ರಾ ತಿಣುಕಿದ. "ಏನ್ ತಿಂದ್ಯೋ, ನಿಮ್ಮಪ್ಪನ ಕುಲುಮೆಯ ಅಡಿಗಲ್ಲು ತಿಂದ್ಯೇನೋ?" ಎಂದ. ಹುಡುಗರು ನಕ್ಕರು. ಆಮೇಲೆ ಲೆಮ್. ನಾನು ಬಾಗಿಲಲ್ಲಿ ಕಾಫಿಯ ಕೆಟಲ್ ಹಿಡಿದು ನಿಂತಿದ್ದೆ. ಎಜ್ರಾ ಅವನ ಹಿಂದೆ ಬಾಗಿದ. ಬಾಗಿದ ಬೆನ್ನು ಸ್ವಲ್ಪ ಹೊತ್ತು ಹಾಗೇ ಇತ್ತು. ಲೆಮ್‌ನ ಕಾಲು ನೆಲ ಬಿಟ್ಟು ಮೇಲೆದ್ದು ಮತ್ತೆ ಇಳಿಯಿತು. "ನಡಿ" ಎಂದ ಎಜ್ರಾ. ಹೊಲಿಗೆ ಬಿಚ್ಚಲಿಲ್ಲ! ನೂಲು ನಾನು ಅಂದುಕೊಂಡದ್ದಕ್ಕಿಂತ ಗಟ್ಟಿ ಇತ್ತೆಂದ ಮೇಲೆ ನನ್ನ ಉಪಾಯವೇ ನೆಗೆದುಬಿತ್ತು ಎಂದು ಅಳು ಬಂತು. ಕಾಫಿ ಸುರಿಯುವಾಗ ಮೂವರ ಬಟ್ಟಲು ತುಂಬಿ ಹೊರಚೆಲ್ಲಿತು.

ಮೈದಾನದ ಸುತ್ತ ಹಗ್ಗ ಕಟ್ಟಿದ್ದರು. ನಾನು ಹಗ್ಗದ ಪಕ್ಕದಲ್ಲೇ ಡಾಕ್ಟರ್ ಪ್ರೂಯಿಟ್‌ರ ಕುದುರೆ ಬಗ್ಗಿಯ ಮೇಲೆ ಅವರ ಜೊತೆ ಕೂತಿದ್ದೆ. ಲೆಮ್ ಮೈದಾನಕ್ಕಿಳಿದದ್ದನ್ನು ಕಂಡು, ಕೋಚ್ ಎಲ್ಲ ತಿಳಿದೂ ಆಡಿಸುತ್ತಿದ್ದಾನಲ್ಲ ಎಂದು ಅವರು ಗೊಣಗಿದರು. ಎಜ್ರಾ ಹಗ್ಗದ ಹೊರಗೆ ಕೈಕಟ್ಟಿ ನಿಂತಿದ್ದ. ಆಟ ಶುರುವಾದ ಮೇಲೆ ಕೋಚ್ ಬಾಯಿ ತೆರೆಯುವ ಹಾಗಿಲ್ಲ, ಹಗ್ಗ ದಾಟುವ ಹಾಗೆ ಮೊದಲೇ ಇಲ್ಲ. ದಾಟಿದರೆ ಅವನ ತಂಡಕ್ಕೆ ದಂಡ.

ಡನ್‌ಮೋರ್‌ನವರು ಮೊದಲರ್ಧದಲ್ಲೇ ಐದು ಅಂಕ ಹೊಡೆದರು. ಆಮೇಲೆ ಎರಡು ಕಡೆಯೂ ಕೆಸರಿನಲ್ಲಿ ಗುದ್ದಾಡಿದ್ದೇ ಗುದ್ದಾಡಿದ್ದು. ಲೆಮ್ ಎಂಟು ಹತ್ತು ಸಲ ಓಡಿದ, ಪ್ರತಿ ಸಲ ಎದ್ದ. ಅವನು ಎದ್ದಾಗಲೆಲ್ಲ ನಾನು ಉಸಿರು ಬಿಡುತ್ತಿದ್ದೆ. ಕೊನೆಗೆ ಇನ್ನೆರಡು ನಿಮಿಷ ಇದೆ ಎನ್ನುವಾಗ ನಮ್ಮವರು ಅವರ ಗೆರೆಯಿಂದ ನಾಲ್ಕಡಿ ದೂರಕ್ಕೆ ಬಂದು ಮುಟ್ಟಿದರು. ಗೆರೆ ದಾಟಿ, ಆಮೇಲಿನ ಒದೆತವೂ ಕೂಡಿಬಂದರೆ ಆರು ಅಂಕ, ಆಟ ನಮ್ಮದು. ಎರಡು ಪ್ರಯತ್ನ ಹಾಳಾಯಿತು. ಉಳಿದದ್ದು ಒಂದು. ಓಸ್ಗುಡ್ ಅಂಗೈಗೆ ಉಗುಳಿಕೊಂಡು ಲೆಮ್‌ನ ಹಿಂದೆ ಬಂದು ನಿಂತ.

ಚೆಂಡು ಲೆಮ್‌ನ ಕೈಗೆ ಬಂತು. ಓಸ್ಗುಡ್ ಹಿಡಿಕೆಗಳಿಗೆ ಕೈ ಹಾಕಿ, ಹುಂಕರಿಸಿ, ಜಗ್ಗಿ ಎತ್ತಿದ. ಮರುಗಳಿಗೆಯಲ್ಲಿ ಆ ಗೂಳಿ ಎರಡೂ ಕೈಯಲ್ಲಿ ಒಂದೊಂದು ಹಿಡಿಕೆ ಹಿಡಿದುಕೊಂಡು ಕುಂಡೆಯ ಮೇಲೆ ಕೆಸರಿನಲ್ಲಿ ಕೂತಿದ್ದ. ಜನ ಗೊಳ್ಳೆಂದರು. ನನಗೆ ನಗು ಬರಲಿಲ್ಲ. ಮೇಲಕ್ಕೆ ಏಳದ ಲೆಮ್ ಅಲ್ಲೇ ಮುಗ್ಗರಿಸಿ ಸಾಲಿನ ಬುಡಕ್ಕೆ ಬಿದ್ದ, ಅವನ ಮೇಲೆ ಇಡೀ ಡನ್‌ಮೋರ್ ಬಿತ್ತು, ಅವರ ಮೇಲೆ ನಮ್ಮವರು ಬಿದ್ದರು. ನಾನು ಇಷ್ಟು ಯೋಚಿಸಿದವಳು ಇದೊಂದನ್ನು ಯೋಚಿಸಿರಲಿಲ್ಲ.

ರಾಶಿ ಅಲುಗಾಡುತ್ತಿತ್ತು. ಡನ್‌ಮೋರ್‌ನವರು ಅಡಿಯಲ್ಲಿ ಕೈ ತೂರಿಸಿ ಚೆಂಡು ಕೀಳುತ್ತಿದ್ದರು, ಇಬ್ಬರು ಲೆಮ್‌ನ ಕಾಲು ಹಿಡಿದು ಎಳೆಯುತ್ತಿದ್ದರು. 'ಬಿದ್ದೆ' ಎಂಬ ಮಾತು ಬರಲಿಲ್ಲ. ರೆಫರಿ ಸೀಟಿಯನ್ನು ತುಟಿಯ ಹತ್ತಿರ ಇಟ್ಟುಕೊಂಡು ಸುತ್ತ ಓಡಾಡುತ್ತಿದ್ದ. ಹೇಳೋ, ಹೇಳೋ, ಹಾಳಾದವನೇ ಹೇಳೋ ಎಂದು ನಾನು ಕೂಗುತ್ತಿದ್ದೆ. ಕೂಗು ಗಂಟಲಲ್ಲೇ ಇತ್ತೋ ಹೊರಗೆ ಬಂತೋ ಗೊತ್ತಿಲ್ಲ. ನನ್ನ ಕೈಯಾರೆ ಅವನನ್ನು ಕೊಂದೆ ಎಂದುಕೊಂಡೆ.

ಆಗ ಎಜ್ರಾ ಹಗ್ಗ ದಾಟಿದ.

ಓಡಲಿಲ್ಲ, ನುಗ್ಗಿದ. ಮೊದಲು ಕೈಗೆ ಸಿಕ್ಕ ಡನ್‌ಮೋರ್ ಹುಡುಗನನ್ನು ಕೊರಳಪಟ್ಟಿ ಹಿಡಿದು ಆಚೆಗೆಸೆದ, ಎರಡನೆಯವನು ನಮ್ಮವನೇ, ಅವನನ್ನೂ ಎಸೆದ. "ಬಿದ್ದ!" ಎಂದು ಕೂಗಿದ. ನದಿಯಾಚೆಗೂ ಕೇಳಿಸಿರಬೇಕು. "ಬಿದ್ದ! ಹುಡುಗ ಬಿದ್ದಿದಾನೆ! ಏಳ್ರೋ ಮೇಲೆ, ಅವನು ಬಿದ್ದಿದಾನೆ!"

ರೆಫರಿ ಸೀಟಿ ಊದಿದ. ನಾನು ಬಗ್ಗಿಯಿಂದ ಹೇಗೆ ಇಳಿದೆನೋ ತಿಳಿಯದು. ಡಾಕ್ಟರ್ ನನಗಿಂತ ಮುಂದೆ ಹೋಗಿ ಲೆಮ್‌ನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಕೆಸರಿನಲ್ಲಿ ಮೊಣಕಾಲೂರಿದ್ದರು. ಲೆಮ್‌ನ ಬಾಯಿ ತುಂಬ ಮಣ್ಣು. ಕಣ್ಣು ಬಿಟ್ಟಿತ್ತು.

"ಬೆರಳು ಆಡ್ಸು" ಎಂದರು ಡಾಕ್ಟರ್.

ಬಲಗೈ ಬೆರಳು ಆಡಿತು. ಎಡಗೈಯದು ಆಡಲಿಲ್ಲ. ಆಮೇಲೆ ಎಡಗೈಯ ಕಿರುಬೆರಳು ಆಡಿತು, ಪಕ್ಕದ್ದು ಆಡಿತು.

"ಕಾಲು?"

ಎರಡು ಕಾಲೂ ಒದ್ದುಕೊಂಡವು. ಲೆಮ್ ಮಣ್ಣು ಉಗಿದು, "ಅಕ್ಕ, ನಿನ್ನ ಹೊಲಿಗೆ..." ಎಂದ. ನಾನು ಅವನ ಬಾಯಿಗೆ ಕೈ ಮುಚ್ಚಿದೆ. ಹೋದ ಜೀವ ಬಂದಿತ್ತು. ಕೆಸರಿನಲ್ಲಿ ಕೂತು ಜೋರಾಗಿ ಅತ್ತೆ, ಯಾರು ನೋಡಿದರೆ ನನಗೇನು.

ಕೋಚ್ ಹಗ್ಗ ದಾಟಿದ್ದಕ್ಕೆ ರೆಫರಿ ದಂಡ ಹಾಕಿದ. ಚೆಂಡು ಡನ್‌ಮೋರ್‌ಗೆ ಹೋಯಿತು, ಆಟವೂ ಹೋಯಿತು. ನಮ್ಮ ಊರಿನವರೇ ಎಜ್ರಾನನ್ನು ಕೂಗಿ ಬೈದರು. ಸ್ಟ್ರೆಚರಿನ ಒಂದು ತುದಿ ಹಿಡಿದಿದ್ದ ಅವನು ತಲೆ ಎತ್ತಲಿಲ್ಲ.

ಸಂಜೆ ಹಬ್ಬದೂಟಕ್ಕೆ ಬೇಯಿಸಿದ್ದ ಟರ್ಕಿ ಕೋಳಿ ಆರಿ ತಣ್ಣಗಾಗಿತ್ತು. ಲೆಮ್ ಒಳಕೋಣೆಯಲ್ಲಿ ಕತ್ತಿನ ಎರಡೂ ಕಡೆ ಮರಳಿನ ಚೀಲ ಇಟ್ಟುಕೊಂಡು ಮಲಗಿದ್ದ. ಸಾರು ಚಮಚದಲ್ಲಿ ಕುಡಿಸಿದೆ. ಕತ್ತು ಮೊದಲಿನಷ್ಟು ತಿರುಗುವುದಿಲ್ಲ, ಆಟ ಇನ್ನು ಮುಗಿಯಿತು, ಬದುಕು ಮಾತ್ರ ಮುಗಿದಿಲ್ಲ ಎಂದು ಡಾಕ್ಟರ್ ಹೇಳಿ ಹೋಗಿದ್ದರು. "ಎತ್ತಿ ಎಸೆದಿದ್ರೆ ನೇರ ತಲೆ ಮೇಲೆ ಬೀಳ್ತಿದ್ದ. ಆ ಹಿಡಿಕೆ ಕಿತ್ತು ಬಂದಿದ್ದು ದೊಡ್ಡ ಪುಣ್ಯ" ಎಂದೂ ಹೇಳಿದ್ದರು. ನಾನು ಅವರ ಹ್ಯಾಟು ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದ್ದೆ.

"ಲೋ, ಆಗ ಬಾಯಿ ಬರ್ಲಿಲ್ವೇನೋ?" ಎಂದು ಕೇಳಿದೆ.

"ಬರ್ತಿತ್ತಕ್ಕ" ಎಂದ ಲೆಮ್. "ಹೇಳ್ಬಹುದಿತ್ತು. ಭಾವ ನೋಡ್ತಿದ್ರಲ್ಲ."

ಬಾಗಿಲಲ್ಲಿ ನಿಂತಿದ್ದ ಎಜ್ರಾ ಅದನ್ನು ಕೇಳಿಸಿಕೊಂಡ. ತಿರುಗಿ ಅಡಿಗೆಮನೆಗೆ ಹೋದ. ನಾನು ಹಿಂದೆಯೇ ಹೋದೆ. ಇನ್ನು ಮುಚ್ಚಿಡುವುದು ನನ್ನಿಂದಾಗುತ್ತಿರಲಿಲ್ಲ.

"ಆ ಹಿಡಿಕೆ ತಾನಾಗಿ ಕಿತ್ತು ಬರಲಿಲ್ಲ. ಕಚ್ಚಾ ನೂಲಲ್ಲಿ ಹೊಲಿದಿದ್ದೆ. ಬೇಕಂತಲೇ. ಬೈಯೋದಿದ್ರೆ ಬೈಯಿ."

"ಗೊತ್ತು" ಎಂದ ಎಜ್ರಾ.

"ಏನ್ ಗೊತ್ತು?"

"ನಾನು ಜೀನು ಹೊಲಿಯೋನ ಮಗ ಕಣೇ. ಬೆಳಿಗ್ಗೆ ಕೈ ಇಟ್ಟ ಕೂಡ್ಲೆ ಗೊತ್ತಾಯ್ತು. ನೂಲು ಮುಟ್ಟಿದ್ರೆ ತಿಳಿಯಲ್ವಾ?"

"ಎತ್ತಿದ್ಯಲ್ಲ ಅವನನ್ನ!"

"ಎತ್ತಿದ್ದು ಸೊಂಟದ ಪಟ್ಟಿ ಹಿಡಿದು. ಹಿಡಿಕೆ ಹಿಡಿದಲ್ಲ."

ನಾನು ಕುರ್ಚಿ ಎಳೆದು ಕೂತೆ. ಅವನು ಆಟದಲ್ಲಿ ಪೆಟ್ಟು ತಿಂದು ಮುರುಟಿದ ಕಿವಿಯನ್ನು ತಿಕ್ಕಿಕೊಳ್ಳುತ್ತ ಕಿಟಕಿಯ ಕಡೆ ಮಾತಾಡಿದ. "ನೀನು ಸುಮ್ಸುಮ್ನೆ ಹಾಗೆ ಹೊಲಿಯೋಳಲ್ಲ. ಕತ್ತು ನೋವಿನ ಹುಡುಗ ಯಾರು ಅಂತ ಆಗ ಹೊಳೀತು. ಕೂರಿಸ್ಬೇಕಿತ್ತು ಅವನನ್ನ. ಕೂರು ಅನ್ನೋಕೆ ಬಾಯೇ ಬರ್ಲಿಲ್ಲ. ಎಲ್ಲರಿಗೂ ಅದೇನೇನೋ ಹೇಳ್ಕೊಟ್ಟು ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ ಅನ್ಸಿತು. ನಿನ್ನ ನೂಲು ನೋಡ್ಕೊಳ್ಳುತ್ತೆ ಅಂತ ಸುಮ್ನಾದೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೈಯಲ್ಲಿದ್ದ ಚಮಚ ಅವನ ಮೇಲೆ ಎಸೆದೆ, ಹೆಗಲಿಗೆ ಬಡಿಯಿತು, ಮುರಿದ ಹೆಗಲಿಗೇ. ಇಬ್ಬರು ಗಟ್ಟಿಗರು ಒಂದೇ ಮನೆಯಲ್ಲಿದ್ದುಕೊಂಡು ಹುಡುಗನ ಪ್ರಾಣವನ್ನು ಒಂದೆಳೆ ನೂಲಿಗೆ ಬಿಟ್ಟಿದ್ದೆವು. ಆಮೇಲೆ ಅವನು ನಕ್ಕನೋ ನಾನು ನಕ್ಕೆನೋ ನೆನಪಿಲ್ಲ. ಸೀದ ಪೈಯನ್ನು ಸೀದ ಕಡೆಯಿಂದಲೇ ಕತ್ತರಿಸಿ ಇಬ್ಬರೂ ನಿಂತೇ ತಿಂದೆವು. ಒಳಗಿನಿಂದ ಲೆಮ್, "ನನಗಿಲ್ವಾ?" ಎಂದು ಕೂಗಿದ.

ತನ್ನ ತೋಳ್ಬಲಕ್ಕೆ ಹಿಡಿಕೆಗಳು ಕಿತ್ತುಬಂದವೆಂದು ಓಸ್ಗುಡ್ ಅವೆರಡನ್ನೂ ಅಪ್ಪನ ಕುಲುಮೆಯ ಬಾಗಿಲಿಗೆ ಮೊಳೆ ಹೊಡೆದು ನೇತುಹಾಕಿದ. ಲಾಳ ಹೊಡೆಸಲು ಬಂದವರಿಗೆಲ್ಲ ಇವತ್ತಿಗೂ ತೋರಿಸುತ್ತಾನೆ. ನಾನು ಹೋದಾಗ, "ಎಂಥಾ ಶಕ್ತಿನಪ್ಪಾ ನಿಂದು" ಎಂದು ಹೊಗಳಿ ಬರುತ್ತೇನೆ.

ಆ ಚಳಿಗಾಲ ಅರ್ಧ ಊರು ನಮ್ಮನ್ನು ಮಾತಾಡಿಸಲಿಲ್ಲ. ಕಾಲೇಜಿನವರು ಅವನನ್ನು ಕಳಿಸಿಬಿಡುತ್ತಾರೆ ಎಂದುಕೊಂಡಿದ್ದೆ, ಅದೇಕೋ ಉಳಿಸಿಕೊಂಡರು. ಸೆಪ್ಟೆಂಬರ್ ಬಂತು. ಮೊದಲ ದಿನ ನಾನು ಎಂದಿನಂತೆ ಬೇಲಿಯ ಈಚೆ ಬಟ್ಟೆ ಹರವುತ್ತಿದ್ದೆ. ಮೂವತ್ತು ಹುಡುಗರು ಸಾಲಾಗಿ ನಿಂತಿದ್ದರು. ಲೆಮ್ ಸೀಟಿ ಕೊರಳಿಗೆ ಹಾಕಿಕೊಂಡು ಒಂದು ಕಡೆ ನಿಂತಿದ್ದ. ಅವನೀಗ ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಾನೆ. ಎಜ್ರಾ ಅದೇ ಹಳೆಯ ಭಾಷಣ ಶುರುಮಾಡುತ್ತಾನೆಂದು ನಾನು ಹಲ್ಲು ಕಚ್ಚಿಕೊಂಡೆ.

"ಎಲ್ರೂ ಮಲಗ್ರೋ" ಎಂದ ಅವನು.

ಹುಡುಗರು ಮುಖ ಮುಖ ನೋಡಿಕೊಂಡರು. ಹುಲ್ಲೆಲ್ಲ ಒದ್ದೆ.

"ಏನ್ ಕೋಚ್, ಮಲಗೋಕೆ ಕಲಿಸ್ತೀರಾ?" ಎಂದು ಒಬ್ಬ ನಗೆಯಾಡಿದ.

"ಹೌದು. ನನಗೆ ಯಾರೂ ಕಲಿಸಿರಲಿಲ್ಲ." ಎಜ್ರಾ ಹ್ಯಾಟು ತೆಗೆದು ಲೆಮ್‌ನ ಕೈಗೆ ಕೊಟ್ಟ. ಕೋಟನ್ನೂ ಕಳಚಲಿಲ್ಲ, ನಾನು ಇಸ್ತ್ರಿ ಮಾಡಿದ ಕೋಟು. ಮೊದಲು ಮೊಣಕಾಲೂರಿ, ಆಮೇಲೆ ಅಂಗಾತ ಆ ಕೆಸರು ಹುಲ್ಲಿನ ಮೇಲೆ ಉದ್ದಕ್ಕೆ ಬಿದ್ದುಕೊಂಡ. ಬೀಳದ ಮೆರಿಲ್. ಬಾಯಿ ತೆರೆದ, ಮುಚ್ಚಿದ. ಮತ್ತೆ ತೆರೆದ.

"ಬಿದ್ದೆ!" ಎಂದು ಕೂಗಿದ.

ದನಿ ಮಧ್ಯದಲ್ಲಿ ಒಡೆಯಿತು. ಹುಡುಗರು ಯಾರೂ ನಗಲಿಲ್ಲ. ಲೆಮ್ ಇಡೀ ಮೈ ತಿರುಗಿಸಿ ಬೇಲಿಯ ಕಡೆ, ನನ್ನ ಕಡೆ ನೋಡಿದ. ನಾನು ಒದ್ದೆ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ನಿಂತಿದ್ದೆ. ಆಮೇಲೆ ಒಬ್ಬೊಬ್ಬರಾಗಿ ಮೂವತ್ತು ಜನವೂ ಹುಲ್ಲಿನ ಮೇಲೆ ಮಲಗಿ ಅದನ್ನೇ ಕೂಗಿದರು. ಜೋರಾಗಿ ಕೂಗದವನಿಂದ ಎಜ್ರಾ ಎರಡೆರಡು ಸಲ ಕೂಗಿಸಿದ.